ಸಹಕಾರ ಸಂಘದ ಆಡಳಿತ ಮಂಡಲಿಯ ಸಭೆಗೆ ಬರತಕ್ಕವರು ಯಾರು?

ನಾಗಮಂಗಲದ ಸೀಮೆಯು ಬಹುಮಟ್ಟಿಗೆ ಮಳೆಯನ್ನೇ ನಂಬಿರತಕ್ಕ ಸೀಮೆ. ಬೆಳ್ಳೂರು, ಬಿಂಡಿಗನವಿಲೆ, ದೇವಲಾಪುರ, ಹೊಣಕೆರೆ ಹೋಬಳಿಗಳ ರಾಗಿಯ ಹೊಲಗಳಿಗೆ ಬೀಜವೂ ಗೊಬ್ಬರವೂ ಹದ ತಪ್ಪುವುದಕ್ಕೆ ಮುಂಚೆಯೇ ಒದಗಬೇಕು. ಇವುಗಳಿಗೆ ಬೇಕಾದ ಬೆಳೆಸಾಲವನ್ನು ರೈತರಲ್ಲಿ ಅನೇಕರು ತಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಿಂದ ಪಡೆಯುತ್ತಾರೆ. ಆ ಅರ್ಜಿಗಳು ಬರತಕ್ಕದ್ದು ಆಡಳಿತ ಮಂಡಲಿಯ ಸಭೆಯ ಮುಂದೆ. ಆದುದರಿಂದ ಆ ಸಭೆಯಲ್ಲಿ ಯಾರು ಕುಳಿತಿರಬಹುದೆಂಬ ಪ್ರಶ್ನೆಯು ವ್ಯವಸಾಯದ ಪತ್ರಿಕೆಗೆ ಹೊರಗಿನದೆಂದು ತೋರಿದರೂ ಹೊಲಕ್ಕೆ ಬಹು ಸಮೀಪವಾದುದು.

ಕೆಲವು ವರ್ಷಗಳ ಹಿಂದೆ ಬೀಜೋಪಚಾರದ ವಿಷಯವನ್ನು ತಿಳಿಸುವುದಕ್ಕಾಗಿ ನನ್ನನ್ನು ಒಂದು ಸಂಘದ ಸಭೆಗೆ ಕರೆದಿದ್ದರು. ಯಾವ ಊರೆಂದು ಹೇಳುವ ಅವಶ್ಯವಿಲ್ಲ. ಕೊಠಡಿಯಲ್ಲಿ ಹದಿನೆಂಟು ಮಂದಿ ಇದ್ದರು. ನಿರ್ದೇಶಕರಾದವರು ಏಳೇ ಮಂದಿ. ಒಬ್ಬ ನಿರ್ದೇಶಕಿಯ ಸ್ಥಾನದಲ್ಲಿ ಆಕೆಯ ಯಜಮಾನರು ಕುಳಿತಿದ್ದರು. ಹಿಂದೆ ಅಧ್ಯಕ್ಷರಾಗಿದ್ದ ಹಿರಿಯರೊಬ್ಬರು ಅಭ್ಯಾಸಬಲದಿಂದ ಬಂದಿದ್ದರು. ಸಾಲಕ್ಕೆ ಅರ್ಜಿ ಹಾಕಿದ್ದ ಇಬ್ಬರು ಬಾಗಿಲ ಬಳಿ ನಿಂತಿದ್ದರು. ನನ್ನ ಮಾತು ಮುಗಿದ ಮೇಲೆ ನಾನೂ ಏಳಲಿಲ್ಲ. ಏಳಿರೆಂದು ಯಾರೂ ಹೇಳಲಿಲ್ಲ. ಸಾಲದ ಅರ್ಜಿಗಳು ಬಂದುವು. ಒಬ್ಬ ರೈತನ ಮನೆಯ ಬಾಕಿ, ಮಗಳ ಮದುವೆಯ ಖರ್ಚು, ದಾಯಾದಿಗಳ ವ್ಯಾಜ್ಯ ಎಲ್ಲವೂ ಬಾಯಿಬಿಟ್ಟು ಚರ್ಚೆಯಾದುವು. ಕೈ ಎತ್ತಿರೆಂದಾಗ ಇದ್ದವರೆಲ್ಲರೂ ಕೈ ಎತ್ತಿದರು, ಕಾರ್ಯದರ್ಶಿಯು ಎಲ್ಲವನ್ನೂ ಎಣಿಸಿದನು. ಸಂಜೆಯೊಳಗೆ ಆ ರೈತನ ಸಂಗತಿ ಸಂತೆಯ ಮಾತಾಯಿತು. ತರುವಾಯ ಅತೃಪ್ತನಾದ ಸದಸ್ಯನೊಬ್ಬನು ಮೇಲಿನ ಅಧಿಕಾರಿಗಳಿಗೆ ದೂರು ಕೊಟ್ಟನು. ನಡವಳಿ ಪುಸ್ತಕದಲ್ಲಿ ನಿರ್ದೇಶಕರಲ್ಲದವರ ರುಜುಗಳೂ ಸೇರಿದ್ದುದರಿಂದ ಯಾವ ನಿರ್ಣಯಕ್ಕೆ ಯಾರ ಒಪ್ಪಿಗೆ ಇತ್ತೆಂದು ತೋರಿಸಲಾಗದೆ ಮತ್ತೊಮ್ಮೆ ಸಭೆ ಸೇರಬೇಕಾಯಿತು. ಅಷ್ಟರಲ್ಲಿ ಬಿತ್ತನೆಯ ಹದ ಹೋಗಿತ್ತು. ಕೆಲವರು ಲೇವಾದೇವಿಯವರ ಬಾಗಿಲಿಗೆ ಹೋದರು.

ಇಲ್ಲಿ ತಪ್ಪು ಮಾಡಬೇಕೆಂದು ಮಾಡಿದವರು ಯಾರೂ ಇರಲಿಲ್ಲ. ನಮ್ಮ ಹಳ್ಳಿಗಳ ಚಾವಡಿಗೆ ಬಾಗಿಲಿಲ್ಲ. ನ್ಯಾಯ ಪಂಚಾಯಿತಿಯೆಂದರೆ ಊರೆಲ್ಲ ಸೇರುವುದೇ ವಾಡಿಕೆ. ಪಟೇಲರು ಬಾರದೆ ಸಭೆ ಆರಂಭವಾಗುತ್ತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯವಾದ ಆ ಹುದ್ದೆ ಹೋಯಿತಾದರೂ ಹಿರಿಯರಿಗೆ ಜಾಗ ಬಿಡುವ ಮರ್ಯಾದೆ ಹೋಗಲಿಲ್ಲ, ಹೋಗಬೇಕಾದುದೂ ಇಲ್ಲ. ಆದರೆ ಸಂಘದ ಮಂಡಲಿಯು ಚಾವಡಿಯಲ್ಲ. ಕರ್ನಾಟಕ ಸಹಕಾರ ಸಂಘಗಳ 1959ರ ಕಾಯಿದೆಯಂತೆ ಸಂಘದ ಆಡಳಿತವು ಈ ಮಂಡಲಿಗೆ ಸೇರಿದುದು. ನಷ್ಟವಾದರೆ ಉತ್ತರ ಹೇಳತಕ್ಕವರು ನಿರ್ದೇಶಕರೇ ಹೊರತು ಬಂದು ಕುಳಿತ ಹಿರಿಯರಲ್ಲ.

ಸಭೆಯಲ್ಲಿ ಕುಳಿತುಕೊಳ್ಳುವುದು, ಮಾತನಾಡುವುದು, ಮತ ಕೊಡುವುದು ಇವು ಬೇರೆ ಬೇರೆಯೆಂದು ತಿಳಿದರೆ ತೊಡಕು ಬಹಳವಾಗಿ ಕಡಮೆಯಾಗುವುದು. ಚುನಾಯಿತ ನಿರ್ದೇಶಕನಿಗೆ ಮೂರೂ ಉಂಟು. ಸರ್ಕಾರದ ಷೇರು ಇರುವ ಸಂಘಗಳಲ್ಲಿ ಸರ್ಕಾರದಿಂದ ನಾಮಕರಣ ಹೊಂದಿದವರು ಇರಬಹುದು. ಬ್ಯಾಂಕಿನ ವ್ಯವಹಾರ, ಹಣಕಾಸು ಮೊದಲಾದವುಗಳಲ್ಲಿ ಅನುಭವವುಳ್ಳ ಇಬ್ಬರನ್ನು ಮಂಡಲಿಯೇ ಸೇರಿಸಿಕೊಳ್ಳಬಹುದೆಂದು ಸಂವಿಧಾನದ 97ನೆಯ ತಿದ್ದುಪಡಿಯು 2011ರಲ್ಲಿ ಹೇಳಿತು. ಅಂಥವರು ಆ ಸ್ಥಾನದ ಬಲದಿಂದ ಸಂಘದ ಚುನಾವಣೆಯಲ್ಲಿ ಮತ ಕೊಡಲಾರರು, ಅಧ್ಯಕ್ಷರೂ ಆಗಲಾರರು. ಮುಖ್ಯ ಕಾರ್ಯನಿರ್ವಾಹಕನು, ಅಂದರೆ ಊರಿನವರು ಸೆಕ್ರೆಟರಿಯೆಂದು ಕರೆಯತಕ್ಕವನು, ಸಭೆ ಕರೆಯುವುದಕ್ಕೂ ನಡವಳಿ ಬರೆಯುವುದಕ್ಕೂ ಇರಲೇಬೇಕು. ಸಾಲ ಕೊಡುವ ಜಿಲ್ಲಾ ಕೇಂದ್ರ ಬ್ಯಾಂಕಿನ ಮೇಲ್ವಿಚಾರಕರು ಬರುವುದುಂಟು. ವ್ಯವಸಾಯದ ಇಲಾಖೆಯವರಾದ ನಾವು ಬರುವುದು ಕರೆದರೆ ಮಾತ್ರ. ಕರೆಸಿಕೊಂಡವನು ತನ್ನ ವಿಷಯವನ್ನು ಹೇಳಿ, ಕೇಳಿದುದಕ್ಕೆ ಉತ್ತರ ಕೊಟ್ಟು ಎದ್ದು ಹೋಗತಕ್ಕದ್ದು. ಅವನನ್ನು ಕೋರಂಗೆ ಲೆಕ್ಕ ಹಿಡಿಯಲಾಗದು.

ಸ್ತ್ರೀ ನಿರ್ದೇಶಕರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಮಂಡಲಿಯಲ್ಲಿ ಸ್ತ್ರೀಯರಿಗೆ ಎರಡು ಸ್ಥಾನಗಳಿರಬೇಕೆಂದು ಮೇಲಿನ ತಿದ್ದುಪಡಿಯೇ ಹೇಳಿತು. ಆ ಸ್ಥಾನವು ಆಕೆಯದು, ಮನೆಯದಲ್ಲ. ಸಹಕಾರದಲ್ಲಿ ಸದಸ್ಯನು ತಾನೇ ಬಂದು ಮತ ಕೊಡಬೇಕು. ಬದಲಿಗೆ ಇನ್ನೊಬ್ಬರನ್ನು ಕಳುಹಿಸುವ ಪದ್ಧತಿಯಿಲ್ಲ. ಪತಿಯು ಅದೇ ಸಂಘದ ಸದಸ್ಯನಾಗಿದ್ದರೂ ಆಕೆಯ ಕುರ್ಚಿಯಲ್ಲಿ ಕುಳಿತು ರುಜು ಮಾಡಿದರೆ ಅದು ರುಜುವೇ ಅಲ್ಲ. ಸಭೆಯು ರಾತ್ರಿ ಹೊತ್ತು ನಡೆಯುವುದರಿಂದ ಆಕೆಗೆ ಬರಲಾಗದೆಂದು ಕೆಲವರು ನನಗೆ ಹೇಳಿದ್ದಾರೆ. ಹಾಗಾದರೆ ಹಗಲು ಹೊತ್ತಿಗೆ ಸಭೆ ಕರೆಯುವುದಕ್ಕೆ ಅಡ್ಡಿಯೇನು?

ಹಾಗಾದರೆ ಸಾಧಾರಣ ಸದಸ್ಯನು ಎಲ್ಲಿ ಕೇಳಬೇಕು? ಅವನ ಸಭೆಯು ಸಾಮಾನ್ಯ ಸಭೆ. ಮಾರ್ಚಿಯಲ್ಲಿ ವರ್ಷ ಮುಗಿದ ಮೇಲೆ ಸೆಪ್ಟೆಂಬರ್ ತಿಂಗಳೊಳಗೆ ಅದು ಸೇರಬೇಕು. ಅಲ್ಲಿ ನೂರು ಷೇರಿನವನಿಗೂ ಒಂದು ಷೇರಿನವನಿಗೂ ಒಂದೊಂದೇ ಮತ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ನೇಕಾರರು ಮುಂತಾದ ಬಡ ಕೆಲಸಗಾರರು ಆರಂಭಿಸಿದ ಸಂಘದಿಂದ ಪ್ರಸಿದ್ಧಿಗೆ ಬಂದ ಈ ಕಟ್ಟಳೆಯು, 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ಹುಟ್ಟಿದಂದಿನಿಂದ ನಮ್ಮ ನಾಡಿನಲ್ಲಿಯೂ ಬೇರೂರಿದೆ. ತನ್ನ ವ್ಯವಹಾರಕ್ಕೆ ಸಂಬಂಧಪಟ್ಟ ಲೆಕ್ಕಪತ್ರಗಳನ್ನು ನೋಡುವ ಹಕ್ಕೂ ಸದಸ್ಯನಿಗೆ ಉಂಟು. ಅದಕ್ಕಾಗಿ ಮಂಡಲಿಯ ಬಾಗಿಲಲ್ಲಿ ನಿಲ್ಲಬೇಕಾದುದಿಲ್ಲ. ಇನ್ನು ಗ್ರಾಮ ಪಂಚಾಯಿತಿಯ ಕ್ರಮವೇ ಬೇರೆ. 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಅದರ ಉತ್ಪಾದನಾ ಸಮಿತಿಗೆ ಸಹಕಾರ ಸಂಘಗಳ ಪ್ರತಿನಿಧಿಯೊಬ್ಬರನ್ನು ಸೇರಿಸಿಕೊಳ್ಳಬೇಕು. ಅಲ್ಲಿಯ ವಾಡಿಕೆಯನ್ನು ಇಲ್ಲಿಗೂ ಇಲ್ಲಿಯದನ್ನು ಅಲ್ಲಿಗೂ ಅನ್ವಯಿಸಬಾರದು.

ನಿರ್ದೇಶಕನೇ ಆಗಿದ್ದರೂ ತನ್ನ ಸಾಲವೋ ತನ್ನ ಅಣ್ಣತಮ್ಮಂದಿರ ಸಾಲವೋ ವಿಚಾರಕ್ಕೆ ಬಂದಾಗ ಎದ್ದು ಹೊರಗೆ ಹೋಗುವುದು ಯುಕ್ತ. ಮುಖದಾಕ್ಷಿಣ್ಯದಿಂದ ಇತರರು ಅವನನ್ನು ಏಳಿಸಲಾರರು, ಅವನೇ ಏಳಬೇಕು. ನಡವಳಿಯಲ್ಲಿ ನಿರ್ದೇಶಕರ ಹೆಸರುಗಳನ್ನು ಮೊದಲು ಬರೆದು ರುಜು ಪಡೆದು, ಒಂದು ಗೆರೆ ಎಳೆದು, ಅದರ ಕೆಳಗೆ ಕರೆಸಿಕೊಂಡವರ ಹೆಸರನ್ನೂ, ಯಾವ ವಿಷಯಕ್ಕೆ ಕರೆಸಲಾಯಿತೆಂಬುದನ್ನೂ, ಅವರು ಒಳಗೆ ಬಂದ ಮತ್ತು ಹೊರಗೆ ಹೋದ ಗಂಟೆಯನ್ನೂ ಬರೆಯತಕ್ಕದ್ದು. ನಾನು ಹೋಗುವ ಸಂಘಗಳಲ್ಲಿ ಈಗ ಗೆರೆಯ ಕೆಳಗೆ ನನ್ನ ಹೆಸರನ್ನು ಬರೆಯಿಸಿ, ಬೀಜದ ಮಾತು ಮುಗಿದೊಡನೆ ಜಗಲಿಗೆ ಬಂದು ಕುಳಿತುಕೊಳ್ಳುತ್ತೇನೆ.