ರಾಷ್ಟ್ರೀಯ ಹೆದ್ದಾರಿಗಳು: ಸಂಖ್ಯೆಯ ಸೂತ್ರ

ಭಾರತದ ರಾಷ್ಟ್ರೀಯ ಹೆದ್ದಾರಿಗಳಿಗೆ 2010ರಲ್ಲಿ ಹೊಸ ಸಂಖ್ಯೆಗಳನ್ನು ನೀಡಲಾಯಿತು.

• ಸಮಸಂಖ್ಯೆ: ಉತ್ತರ–ದಕ್ಷಿಣ ಹೆದ್ದಾರಿ, ಪೂರ್ವದಿಂದ ಪಶ್ಚಿಮಕ್ಕೆ ಸಂಖ್ಯೆ ಏರುತ್ತದೆ.
• ಬೆಸಸಂಖ್ಯೆ: ಪೂರ್ವ–ಪಶ್ಚಿಮ ಹೆದ್ದಾರಿ, ಉತ್ತರದಿಂದ ದಕ್ಷಿಣಕ್ಕೆ ಏರುತ್ತದೆ.
• ಮೂರಂಕಿ: ಕವಲು ಹೆದ್ದಾರಿ, ಕೊನೆಯ ಎರಡು ಅಂಕಿ ಮೂಲ ಹೆದ್ದಾರಿಯದು. ಉದಾ: 275 (ಬೆಂಗಳೂರು–ಮೈಸೂರು) 75ರ ಕವಲು.

ಪ್ರಮುಖ ಹೆದ್ದಾರಿಗಳು
• 44: ಶ್ರೀನಗರ–ಕನ್ಯಾಕುಮಾರಿ, ದೇಶದಲ್ಲೇ ಅತಿ ಉದ್ದ, ಬೆಂಗಳೂರಿನ ಮೂಲಕ (ಹಳೆಯ 7ರ ಬಹುಭಾಗ).
• 48: ದೆಹಲಿ–ಚೆನ್ನೈ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು ಮೂಲಕ.
• 66: ಪನ್ವೇಲ್–ಕನ್ಯಾಕುಮಾರಿ, ಕಾರವಾರ, ಉಡುಪಿ, ಮಂಗಳೂರು ಮೂಲಕ (ಬಹುಭಾಗ ಹಳೆಯ 17).
• 75: ಬಂಟ್ವಾಳ–ವೆಲ್ಲೂರು, ಹಾಸನ, ಬೆಂಗಳೂರು, ಕೋಲಾರ ಮೂಲಕ.

ಗಮನಿಸಿ: ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಹಳೆಯ ಸಂಖ್ಯೆಗಳೇ ಇರುತ್ತವೆ. ಮೈಲಿಗಲ್ಲಿನ ತಲೆಭಾಗದ ಬಣ್ಣ ರಾಷ್ಟ್ರೀಯ ಹೆದ್ದಾರಿಗೆ ಹಳದಿ, ರಾಜ್ಯ ಹೆದ್ದಾರಿಗೆ ಹಸಿರು.