ಹಾವು ಹಾಲು ಕುಡಿಯುತ್ತದೆಯೇ?

ನಾಗರ ಪಂಚಮಿ ಬಂತು ಅಂದರೆ ನಾವು ಹುತ್ತಕ್ಕೆ ಹಾಲೆರೆಯುತ್ತೇವೆ. ಅಜ್ಜಿ ಎರೆದಳು. ಅಮ್ಮ ಎರೆದಳು. ನಾವೂ ಎರೆಯುತ್ತೇವೆ. ಆದರೆ ಹಾವು ಆ ಹಾಲನ್ನು ಕುಡಿಯುತ್ತದೆಯೇ?

ಇಲ್ಲ. ಹಾಲು ಹಾವಿನ ಆಹಾರವೇ ಅಲ್ಲ. ಹಸುವಿನ ಕರು ಹಾಲು ಕುಡಿಯುತ್ತದೆ. ನಾಯಿಮರಿ ಕುಡಿಯುತ್ತದೆ. ನಮ್ಮ ಕೂಸೂ ಕುಡಿಯುತ್ತದೆ. ಹಾವಿನ ಮರಿಗೆ ಹಾಲು ಕೊಡುವ ತಾಯಿ ಎಲ್ಲಿದ್ದಾಳೆ? ಅದು ತನ್ನ ಬೇಟೆ ತಾನೇ ಹಿಡಿಯಬೇಕು. ಇಲಿ, ಕಪ್ಪೆ, ಹಲ್ಲಿ ಇವೇ ಅದರ ಊಟ.

"ಹಾವಾಡಿಗನ ಹಾವು ಬಟ್ಟಲಿಗೆ ಬಾಯಿ ಹಾಕಿದ್ದನ್ನು ನಾವೇ ಕಂಡಿದ್ದೇವಲ್ಲ!" ಅಂತೀರಾ? ಆ ಹಾವಿಗೆ ಎಷ್ಟೋ ದಿನ ನೀರು ಕೊಟ್ಟಿರುವುದಿಲ್ಲ. ಬಾಯಾರಿದ ಹಾವು ಮುಂದೆ ಏನಿಟ್ಟರೂ ಕುಡಿಯುತ್ತದೆ. ಕುಡಿದ ಹಾಲು ಅದಕ್ಕೆ ಅರಗುವುದಿಲ್ಲ. ಎಷ್ಟೋ ಹಾವು ಹೀಗೆ ಸಾಯುತ್ತವೆ. ಪೂಜೆ ಬೇಡ ಅಂತ ನಾವು ಹೇಳುತ್ತಿಲ್ಲ. ಕೈ ಮುಗಿಯಿರಿ. ಹಾಲು ಮನೆಯ ಮಕ್ಕಳಿಗಿರಲಿ.

ಇನ್ನು ಪುಂಗಿ. ಹಾವಿಗೆ ನಮ್ಮ ಹಾಗೆ ಹೊರಗೆ ಕಾಣುವ ಕಿವಿ ಇಲ್ಲ. ನಾವು ನಡೆದರೆ ನೆಲ ಅದುರುತ್ತದೆ. ಆ ಅದುರು ದವಡೆಯ ಮೂಳೆಯಿಂದ ಅದಕ್ಕೆ ಗೊತ್ತಾಗುತ್ತದೆ. ಹಾವಾಡಿಗ ಪುಂಗಿಯನ್ನು ಆ ಕಡೆ ಈ ಕಡೆ ಆಡಿಸುತ್ತಾನೆ. ಹಾವಿನ ಕಣ್ಣು ಅದರ ಮೇಲೆ. ತನಗೆ ಏನೋ ಮಾಡುತ್ತಾನೆ ಅಂತ ಹೆದರಿ ಅದೂ ತೂಗಾಡುತ್ತದೆ. ನಮಗೆ ಅದು ಕುಣಿದ ಹಾಗೆ ಕಾಣುತ್ತದೆ!

ಹಾವು ನಾಲಿಗೆ ಚಾಚುವುದು ಕಚ್ಚಲಿಕ್ಕಲ್ಲ. ನಾಲಿಗೆಯಿಂದಲೇ ಅದು ವಾಸನೆ ಹಿಡಿಯುತ್ತದೆ. ಅದಕ್ಕೆ ರೆಪ್ಪೆಯೂ ಇಲ್ಲ. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತದೆ.

ಮಂತ್ರ ಹಾಕಿದರೆ ವಿಷ ಇಳಿಯುತ್ತದೆಯೇ? ಈ ಮಾತು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ದೇಶದ ಹೆಚ್ಚಿನ ಹಾವುಗಳಿಗೆ ಮನುಷ್ಯನನ್ನು ಕೊಲ್ಲುವ ವಿಷ ಇಲ್ಲ. ಹೊಲದಲ್ಲಿ ಇಲಿ ತಿಂದು ನಮ್ಮ ಕಾಳು ಉಳಿಸುವ ಕೇರೆ ಹಾವಿಗೆ ವಿಷವೇ ಇಲ್ಲ. ವಿಷದ ಹಾವು ಕೂಡ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರಿಗೆ ಮಂತ್ರ ಹಾಕಿದರೂ ಬದುಕುತ್ತಾರೆ, ಹಾಕದಿದ್ದರೂ ಬದುಕುತ್ತಾರೆ. ಹೆಸರು ಮಾತ್ರ ಮಂತ್ರದವನಿಗೆ ಬರುತ್ತದೆ. ನಿಜವಾಗಿ ವಿಷ ಏರಿದವರು ಅವನ ಮನೆ ಜಗಲಿಯ ಮೇಲೆ ಹೊತ್ತು ಕಳೆಯುತ್ತಾರೆ. ಆ ಹೊತ್ತೇ ಅವರ ಪ್ರಾಣ.

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಅಂತ ತಜ್ಞರು ಲೆಕ್ಕ ಹಾಕಿದ್ದಾರೆ. ವರ್ಷಕ್ಕೆ ಸುಮಾರು 58 ಸಾವಿರ. ಹೆಚ್ಚಿನವರು ಹಳ್ಳಿಯವರು, ನಮ್ಮ ನಿಮ್ಮಂಥವರು. 2024ರಲ್ಲಿ ಕರ್ನಾಟಕ ಸರ್ಕಾರ ಒಂದು ನಿಯಮ ತಂದಿತು. ಹಾವು ಕಡಿತ ಕಂಡರೆ ಆಸ್ಪತ್ರೆಯವರು ಸರ್ಕಾರಕ್ಕೆ ತಿಳಿಸಲೇಬೇಕು.

ಹೆಚ್ಚು ಜನರನ್ನು ಕೊಲ್ಲುವವು ನಾಲ್ಕು ಜಾತಿ. ನಾಗರ ಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ. ಇವುಗಳಲ್ಲಿ ಕಟ್ಟು ಹಾವಿನ ಸಂಗತಿ ಬೇರೆ. ಅದು ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು ಇರುವುದೇ ಇಲ್ಲ ಅನ್ನಬಹುದು. ಗಾಯವೂ ಸರಿಯಾಗಿ ಕಾಣುವುದಿಲ್ಲ. ಬೆಳಗಾಗುವಾಗ ಹೊಟ್ಟೆನೋವು ಅಂತಾರೆ. ರೆಪ್ಪೆ ಜೋತು ಬೀಳುತ್ತದೆ. ಮಾತು ತೊದಲುತ್ತದೆ. ಆಮೇಲೆ ಉಸಿರು ಕಟ್ಟುತ್ತದೆ. ಮಂಚದ ಮೇಲೆ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿದರೆ ಈ ಭಯ ಬಹಳ ಕಡಿಮೆ.

ಕಚ್ಚಿದರೆ? ಹಗ್ಗ ಬಿಗಿಯಬೇಡಿ. ಬ್ಲೇಡಿನಿಂದ ಕೊಯ್ಯಬೇಡಿ. ಬಾಯಿಟ್ಟು ಹೀರಬೇಡಿ. ಬಳೆ, ಉಂಗುರ, ಕಾಲ್ಗೆಜ್ಜೆ ತೆಗೆಯಿರಿ. ಕೈ ಕಾಲು ಬಾವು ಬಂದರೆ ಆಮೇಲೆ ತೆಗೆಯಲು ಆಗುವುದಿಲ್ಲ. ಕಚ್ಚಿದ ಅಂಗ ಅಲ್ಲಾಡದ ಹಾಗೆ ಪಟ್ಟಿ ಇಟ್ಟು ಹಗುರವಾಗಿ ಕಟ್ಟಿ. ನಡೆಸಬೇಡಿ, ಹೊತ್ತುಕೊಂಡು ಹೋಗಿ. 108ಕ್ಕೆ ಫೋನ್ ಮಾಡಿ. ಹಾವನ್ನು ಹುಡುಕುತ್ತಾ ನಿಲ್ಲಬೇಡಿ. ಔಷಧಿ ಈ ನಾಲ್ಕಕ್ಕೂ ಒಂದೇ.

ಆ ಔಷಧಿ ಎಲ್ಲಿಂದ ಬರುತ್ತದೆ ಗೊತ್ತೇ? ಕುದುರೆಯಿಂದ! ಕುದುರೆಗೆ ಹಾವಿನ ವಿಷವನ್ನು ಚೂರು ಚೂರೇ ಚುಚ್ಚುತ್ತಾರೆ. ಕುದುರೆ ಸಾಯುವುದಿಲ್ಲ. ಅದರ ರಕ್ತದಲ್ಲಿ ವಿಷದ ಎದುರು ಹೋರಾಡುವ ಶಕ್ತಿ ಹುಟ್ಟುತ್ತದೆ. ಆ ರಕ್ತದಿಂದ ಔಷಧಿ ತಯಾರು. 1890ರ ದಶಕದಲ್ಲಿ ಫ್ರಾನ್ಸ್ ದೇಶದ ಆಲ್ಬರ್ಟ್ ಕಾಲ್ಮೆಟ್ ಎಂಬ ವೈದ್ಯರು ಈ ದಾರಿ ತೋರಿಸಿದರು. ವಿಷ ತೆಗೆಯುವವರು ಯಾರು? ತಮಿಳುನಾಡಿನ ಇರುಳರು. ಹಿಂದೆ ಇವರು ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದರು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಆ ಕಸುಬು ನಿಂತಿತು. 1978ರಲ್ಲಿ ಇವರದೇ ಸಹಕಾರ ಸಂಘ ಆಯಿತು. ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ.

ಕೊನೆಗೆ ನಮ್ಮ ಮಲೆನಾಡಿನ ಒಂದು ಸುದ್ದಿ. ವಿಷದ ಹಾವುಗಳಲ್ಲೆಲ್ಲ ಉದ್ದನೆಯದು ಕಾಳಿಂಗ ಸರ್ಪ. ಅದು ತಿನ್ನುವುದು ಹೆಚ್ಚಾಗಿ ಬೇರೆ ಹಾವುಗಳನ್ನೇ. ಮೊಟ್ಟೆ ಇಡುವ ಮುಂಚೆ ತಾಯಿ ಹಾವು ತರಗೆಲೆಗಳನ್ನು ಮೈಯಿಂದ ಎಳೆದು ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ. ಕೈ ಇಲ್ಲ, ಕಾಲಿಲ್ಲ, ಆದರೂ ಗೂಡು! ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಅಂತ 2024ರಲ್ಲಿ ವಿಜ್ಞಾನಿಗಳು ಹೇಳಿದರು. ಅದರ ವಿಜ್ಞಾನದ ಹೆಸರಿನಲ್ಲಿ ನಮ್ಮ ಕನ್ನಡದ 'ಕಾಳಿಂಗ' ಪದವನ್ನೇ ಇಟ್ಟರು. ಆಗುಂಬೆ ಕಡೆಯವರು ನಿಮ್ಮ ತರಗತಿಯಲ್ಲಿ ಇದ್ದಾರೆಯೇ? ಆ ಗೂಡನ್ನು ಕಂಡಿದ್ದಾರೆಯೇ, ಕೇಳಿ ನೋಡಿ.