ಒಂಟಿ ಸೀನು

ಮೊನ್ನೆ ನಾಮಕರಣದ ಪಂಕ್ತಿಯಲ್ಲಿ ನಿನ್ನಿಂದ ನಾಲ್ಕು ಎಲೆ ಆಚೆ ಕೂತಿದ್ದೆ. ‘ಮುಂದಿನದು ನಿಂದೇ ತಾನೆ?’ ಎಂದು ಹೋಳಿಗೆ ಬಡಿಸುತ್ತಿದ್ದವರು ಕೇಳಿದರು. ನೀನು ತಲೆ ಎತ್ತದೆ, ‘ನನಗೆ ಮದುವೆಯೂ ಬೇಡ, ಮಕ್ಕಳೂ ಬೇಡ, ಇನ್ನೊಂದು ಹೋಳಿಗೆ ಹಾಕಿ’ ಎಂದೆ. ಸರಿಯಾಗಿ ಆಗಲೇ ಯಾರೋ ಸೀನಿದರು. ಒಂದೇ ಒಂದು ಸೀನು. ದೊಡ್ಡಮ್ಮ ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದುಕೊಂಡು ಎರಡನೆಯದು ಬರುತ್ತದೇನೋ ಎಂದು ಕಾದರು. ಬರಲಿಲ್ಲ. ‘ಒಂಟಿ ಸೀನು’ ಎಂದು ಅವರು ನಿಟ್ಟುಸಿರುಬಿಟ್ಟಿದ್ದು ನಿನಗೆ ಕೇಳಿಸಿತೋ ಇಲ್ಲವೋ, ನನಗಂತೂ ನಗು ತಡೆಯಲಾಗದೆ ಮಜ್ಜಿಗೆ ನೆತ್ತಿಗೆ ಹತ್ತಿತು.

ನಮ್ಮ ಭಾಷೆಯಲ್ಲಿ ಒಂಟಿ ಎಂಬ ಪದಕ್ಕೆ ಒಳ್ಳೆಯ ಸಹವಾಸವೇ ಇಲ್ಲ, ನೋಡು. ಒಂಟಿ ಸೀನು ಅಪಶಕುನ. ಒಂಟಿ ಸಲಗ ಬಂತೆಂದರೆ ಊರೇ ಬಾಗಿಲು ಹಾಕಿಕೊಳ್ಳುತ್ತದೆ. ಪತ್ರಿಕೆಯಲ್ಲಿ ‘ಒಂಟಿ ಮಹಿಳೆ’ ಎಂದು ಕಂಡರೆ ಅದರ ಮುಂದೆ ಸರಗಳವೋ ಕೊಲೆಯೋ ಇದ್ದೇ ಇರಬೇಕು. ಅದಕ್ಕೇ ನಾನು ಆ ಪದವನ್ನು ನನಗೆ ಹಚ್ಚಿಕೊಳ್ಳುವುದಿಲ್ಲ. ‘ಒಬ್ಬಳೇ ಇದ್ದೀನಿ’ ಎನ್ನುತ್ತೇನೆ. ಒಬ್ಬಳೇ ಎಂಬುದರ ಕೊನೆಯ ಆ ಏಕಾರದಲ್ಲಿ ಸ್ವಲ್ಪ ಗತ್ತಿದೆ.

ನನಗೀಗ 67. ನೀನು ಪಂಕ್ತಿಯಲ್ಲಿ ಹೇಳಿದ್ದನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮ ಕಾಲದಲ್ಲಿ ಹುಡುಗಿಯರು ಬೇಡ ಅನ್ನುತ್ತಿರಲಿಲ್ಲ, ‘ಯಾಕೋ ಕೂಡಿಬರಲಿಲ್ಲ’ ಅನ್ನುತ್ತಿದ್ದರು. ಕೂಡಿಬರದಂತೆ ನಾನು ಪಟ್ಟ ಶ್ರಮ ನನಗೊಬ್ಬಳಿಗೇ ಗೊತ್ತು.

ಇನ್ನು ನಿನ್ನನ್ನು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ವಯಸ್ಸಾದ ಮೇಲೆ ಯಾರು ನೋಡ್ಕೋತಾರೆ? ನಿನ್ನ ನಾಲಿಗೆ ಚುರುಕು. ಮಕ್ಕಳೇ ನೋಡಿಕೊಳ್ಳುವ ಹಾಗಿದ್ದರೆ ಸರ್ಕಾರ 2007ರಲ್ಲಿ ಹೆತ್ತವರ ಪೋಷಣೆಗೆಂದು ಕಾಯ್ದೆಯನ್ನೇ ಯಾಕೆ ತರಬೇಕಿತ್ತು ಎಂದು ಥಟ್ಟನೆ ಕೇಳಿಬಿಡುತ್ತೀಯ. ಕೇಳಬೇಡ. ಮಾತು ನಿಜವೇ. ಆದರೆ ಎದುರಿಗೆ ಕೂತವರ ಮಗ ಮೂರು ತಿಂಗಳಿಂದ ಫೋನು ಮಾಡಿರುವುದಿಲ್ಲ, ಆ ಗಾಯಕ್ಕೆ ನೀನು ಉಪ್ಪು ಸವರಿದಂತಾಗುತ್ತದೆ. ಅದೇ ಕಾಯ್ದೆಯಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ನೆನಪಿಟ್ಟುಕೋ. ಮಕ್ಕಳಿಲ್ಲದ ಹಿರಿಯರು ತಮ್ಮ ಆಸ್ತಿಗೆ ವಾರಸುದಾರರಾಗುವ ಬಂಧುಗಳಿಂದ ಜೀವನಾಂಶ ಕೇಳಬಹುದು. ಆಸ್ತಿ ಬೇಕು, ಅತ್ತೆ ಬೇಡ ಎನ್ನುವ ಹಾಗಿಲ್ಲ.

ಇನ್ನು ಕೆಲವರು ಬಹಳ ಒಳ್ಳೆಯವರು. ಮಕ್ಕಳಿಲ್ಲದಿದ್ದರೇನಂತೆ, ಸಾಲುಮರದ ತಿಮ್ಮಕ್ಕನನ್ನು ನೋಡು ಅನ್ನುತ್ತಾರೆ. ನೋಡಿದ್ದೇನೆ. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯಲ್ಲಿ ಆಕೆ ಗಂಡ ಚಿಕ್ಕಯ್ಯನ ಜೊತೆ ನೀರು ಹೊತ್ತು ಬೆಳೆಸಿದ 385 ಆಲದ ಮರಗಳ ನೆರಳಲ್ಲಿ ನಡೆದಿದ್ದೇನೆ. 2025ರ ನವೆಂಬರಿನಲ್ಲಿ ಆಕೆ ತೀರಿಕೊಂಡಾಗ ಮನೆಯವರೇ ಹೋದಷ್ಟು ಸಂಕಟಪಟ್ಟೆ. ಆದರೆ ಮಗು ಬೇಡ ಎಂದವಳು 385 ಮರ ನೆಟ್ಟು ಊರಿಗೆ ಲೆಕ್ಕ ಒಪ್ಪಿಸಬೇಕು ಎಂಬ ಕಟ್ಟಳೆ ಎಲ್ಲಿದೆ? ಎರಡು ಮಕ್ಕಳನ್ನು ಹೆತ್ತವರನ್ನು ಯಾರಾದರೂ ‘ಸಮಾಜಕ್ಕೆ ನೀವೇನು ಕೊಟ್ಟಿರಿ’ ಎಂದು ಕೇಳುತ್ತಾರೆಯೇ? ನಿನಗೆ ಗಿಡ ಇಷ್ಟವಿದ್ದರೆ ನೆಡು. ಇಲ್ಲದಿದ್ದರೆ ಭಾನುವಾರ ಹತ್ತು ಗಂಟೆಯವರೆಗೆ ಮಲಗು. ಎರಡಕ್ಕೂ ಯಾರ ಅಪ್ಪಣೆಯೂ ಬೇಕಿಲ್ಲ.

ನಾನೇನು ಮಾಡುತ್ತೇನೆ? ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮನವಮಿ ಸಂಗೀತ ಶುರುವಾದರೆ ಸಂಜೆ ಆರಕ್ಕೆ ಚಾಮರಾಜಪೇಟೆಗೆ ಹೊರಡುತ್ತೇನೆ. ರಾಮಸೇವಾ ಮಂಡಲಿಯವರು 1939ರಿಂದ ನಡೆಸಿಕೊಂಡು ಬಂದಿರುವ ಕಛೇರಿಗಳು. ಎಷ್ಟೇ ಜನ ಸೇರಿದರೂ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಸಿಕ್ಕೇ ಸಿಗುತ್ತದೆ. ನಾಲ್ಕು ಜನರ ಕುಟುಂಬ ಅಲ್ಲಿ ಕೂರಲಾಗದೆ ಹಿಂದಕ್ಕೆ ಹೋಗಿರುತ್ತದೆ. ಉಳಿದ ತಿಂಗಳುಗಳಲ್ಲಿ ಬಸ್ಸು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಆಧಾರ್ ತೋರಿಸಿ, ಶೂನ್ಯದ ಟಿಕೆಟು ಹಿಡಿದು, ಮಂಗಳವಾರವೊಂದರಂದು ಎಲ್ಲಾದರೂ ಹೋಗಿಬರುವುದು ರೂಢಿಯಾಗಿದೆ. ಮಂಡ್ಯದಲ್ಲಿ ಬಸ್ಸು ಬದಲಿಸಿ ಮೇಲುಕೋಟೆ, ಬೆಟ್ಟ ಹತ್ತಿ ಇಳಿದು ಪುಳಿಯೋಗರೆ, ಕತ್ತಲಾಗುವಷ್ಟರಲ್ಲಿ ಮನೆ. ಪಕ್ಕದ ಸೀಟಿನವರು ಬಿಡದಿ ದಾಟುವುದರೊಳಗೆ ‘ಮಕ್ಕಳೆಷ್ಟು?’ ಎಂದು ಕೇಳುತ್ತಾರೆ. ಇಲ್ಲ ಎಂದರೆ ಪಾಪ, ಅವರಿಗೇ ಕಷ್ಟವಾಗುತ್ತದೆ. ಚನ್ನಪಟ್ಟಣದವರೆಗೆ ನಾನೇ ಅವರನ್ನು ಸಮಾಧಾನ ಮಾಡುತ್ತೇನೆ.

ಅಡುಗೆಯ ವಿಷಯದಲ್ಲಿ ಮಾತ್ರ ನಿನ್ನನ್ನು ಗದರಿಸಬೇಕು. ಮೊನ್ನೆ ನಿನ್ನ ಫ್ರಿಜ್ಜು ತೆಗೆದೆ: ಅರ್ಧ ನಿಂಬೆಹಣ್ಣು, ಎರಡು ಪೊಟ್ಟಣ ದೋಸೆ ಹಿಟ್ಟು, ಒಂದು ಡಬ್ಬಿಯಲ್ಲಿ ಹೋಟೆಲಿನ ಚಟ್ನಿ. ‘ಒಬ್ಬಳಿಗೋಸ್ಕರ ಏನು ಮಾಡೋದು’ ಎಂದೆ ನೀನು. ಇದು ಬೇರೆಯವರು ನಿನ್ನ ಬಗ್ಗೆ ಹೇಳುವ ಮಾತು, ನೀನೇ ಹೇಳಿಕೊಳ್ಳಬಾರದು. ಎರಡು ಲೀಟರಿನ ಕುಕ್ಕರ್ ತಗೋ. ತರಕಾರಿಯವನು ‘ಕಾಲು ಕೆ.ಜಿ. ಹೇಗಮ್ಮ ತೂಗೋದು’ ಎಂದು ಮುಖ ಸಿಂಡರಿಸಿದರೆ ಸಿಂಡರಿಸಲಿ. ತೊಗರಿಬೇಳೆ ಒಂದು ಹಿಡಿ ಸಾಕು. ಬಸಳೆ ಸೊಪ್ಪಿನ ಕಟ್ಟು ಮಾತ್ರ ಒಬ್ಬರಿಗೆಂದು ಕಟ್ಟಿದ್ದಲ್ಲ, ಅರ್ಧ ಕಟ್ಟು ಎದುರು ಮನೆಗೆ ಕೊಡು. ಅವರ ಡಬ್ಬಿ ನಿನ್ನ ಮನೆಗೆ, ನಿನ್ನ ಡಬ್ಬಿ ಅವರ ಮನೆಗೆ, ಖಾಲಿ ಮಾತ್ರ ಯಾವುದೂ ಹಿಂದಿರುಗಕೂಡದು. ನನ್ನ ಬೀದಿಯಲ್ಲಿ ನನಗಿರುವ ಬಳಗವೆಲ್ಲ ಹೀಗೆ ಸ್ಟೀಲ್ ಡಬ್ಬಿಯ ಮೇಲೆ ಕೂತು ಬಂದದ್ದು.

ಒಂದು ಮಾತನ್ನು ಮಾತ್ರ ಯಾರೂ ನನಗೆ ಹೇಳಿರಲಿಲ್ಲ. ಮದುವೆಯಾಗದ ಮಗಳ ಸಮಯ ಮನೆಯವರ ಕಣ್ಣಿಗೆ ಬೀದಿ ನಲ್ಲಿಯ ನೀರಿದ್ದ ಹಾಗೆ, ಯಾರು ಬೇಕಾದರೂ ಕೊಡ ಹಿಡಿಯಬಹುದು. ಅಮ್ಮ ಹಾಸಿಗೆ ಹಿಡಿದ ಒಂಬತ್ತು ವರ್ಷ ‘ನಿನಗೇನು, ಒಬ್ಬಳೇ’ ಎಂದು ಎಲ್ಲರೂ ಒಕ್ಕೊರಲಿನಿಂದ ತೀರ್ಮಾನಿಸಿದರು. ನೋಡಿಕೊಂಡದ್ದಕ್ಕೆ ನನಗೆ ದುಃಖವಿಲ್ಲ, ಅಮ್ಮನ ಜೊತೆ ಆ ವರ್ಷಗಳು ನನಗೇ ಸಿಕ್ಕಿದವು. ಬೇಸರವೆಂದರೆ ಬಾಯಿಬಿಟ್ಟು ಕೇಳಲಿಲ್ಲವಲ್ಲ ಎಂಬುದು. ರಾತ್ರಿಯ ಆಯಾಗೆ ಇಷ್ಟು, ಔಷಧಿಗೆ ಇಷ್ಟು, ನನಗೆ ತಿಂಗಳಿಗೆ ಎರಡು ಭಾನುವಾರ ಬಿಡುವು ಬೇಕು ಎಂದು ಮೊದಲ ವಾರವೇ ಕಾಗದದ ಮೇಲೆ ಬರೆದು ಅಣ್ಣತಮ್ಮಂದಿರ ಮುಂದೆ ಇಟ್ಟಿದ್ದರೆ ಅವರೂ ಕೊಡುತ್ತಿದ್ದರೇನೋ. ನಾನು ಮುಖ ಊದಿಸಿಕೊಂಡು ತ್ಯಾಗ ಮಾಡಿದೆ. ಅಂಥ ತ್ಯಾಗ ಯಾರಿಗೂ ಜೀರ್ಣವಾಗುವುದಿಲ್ಲ, ಮಾಡಿದವಳಿಗೂ.

ಈಗ ಕಾಗದಪತ್ರ. ಆಕಳಿಸಬೇಡ. 34 ವರ್ಷ ವಿಮೆ ಕಚೇರಿಯ ಕ್ಲೇಮು ವಿಭಾಗದಲ್ಲಿ ಕೂತವಳು ನಾನು, ಸತ್ತವರ ಸಹಿ ನೋಡಿಯೇ ಅವರ ಮನೆಯ ಜಗಳ ಹೇಳಬಲ್ಲೆ. ನೀನು ಪಾಲಿಸಿಗೆ ನಿನ್ನ ಅಕ್ಕನ ಮಗಳನ್ನು ನಾಮಿನಿ ಮಾಡಿ ಎಲ್ಲ ಮುಗಿಯಿತು ಎಂದುಕೊಂಡಿದ್ದೀಯ. ಮುಗಿದಿಲ್ಲ. ನಾಮಿನಿ ಹಣ ಪಡೆಯುವ ಕೈ ಮಾತ್ರ, ಒಡೆಯನಲ್ಲ ಎಂದು ಸುಪ್ರೀಂ ಕೋರ್ಟು 1983ರಲ್ಲೇ ಹೇಳಿತು. 2015ರಲ್ಲಿ ವಿಮಾ ಕಾಯ್ದೆ ತಿದ್ದಿದಾಗ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದೇ ಎಂದಾಯಿತು. ಆ ಪಟ್ಟಿಯನ್ನು ಇನ್ನೊಮ್ಮೆ ಓದು. ಅಕ್ಕನ ಮಗಳಿಲ್ಲ, ಗೆಳತಿ ಇಲ್ಲ. ಅಂದರೆ ನಮ್ಮಂಥವರ ಪಾಲಿಗೆ ನಾಮಿನಿ ಇನ್ನೂ ಹಳೆಯ ನಾಮಿನಿಯೇ. ಅವಳು ಹಣ ತಂದು ವಾರಸುದಾರರಿಗೆ ಹಂಚಬೇಕಾದವಳು.

ವಾರಸುದಾರರು ಯಾರು? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲು ಬರೆಯದೆ ಸತ್ತ ಅವಿವಾಹಿತೆಯ ಆಸ್ತಿ ಮೊದಲು ತಂದೆತಾಯಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ. ಇಪ್ಪತ್ತು ವರ್ಷ ನಿನ್ನ ಜೊತೆ ಮಾತಾಡದ ಅಣ್ಣನಿಗೂ, ದಿನಾ ಬಂದು ತಲೆಗೆ ಎಣ್ಣೆ ಹಚ್ಚಿದ ತಂಗಿಗೂ ಅಲ್ಲಿ ಸಮಪಾಲು. ಎಣ್ಣೆ ಹಚ್ಚಿದ ಗೆಳತಿಗೆ ಏನೂ ಇಲ್ಲ. ಹಾಗಾಗಿ ಉಯಿಲು ಬರಿ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳು ನಿನ್ನೆದುರು ಸಹಿ ಹಾಕಬೇಕು, ಅವರು ನಿನ್ನ ಆಸ್ತಿ ಪಡೆಯುವವರಲ್ಲದಿದ್ದರೆ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಮನಸ್ಸು ಬದಲಾದರೆ ಇನ್ನೊಂದು ಬರಿ. ನಾನು ಇದುವರೆಗೆ ಮೂರು ಬರೆದಿದ್ದೇನೆ. ಒಂದೊಂದು ಸಲವೂ ಯಾರೋ ನನಗೆ ಸಿಟ್ಟು ತರಿಸಿರುತ್ತಾರೆ.

ಇನ್ನೊಂದು ಕಾಗದ ನನ್ನ ದೃಷ್ಟಿಯಲ್ಲಿ ಉಯಿಲಿಗಿಂತ ದೊಡ್ಡದು. ಪ್ರಜ್ಞೆ ಹೋಗಿ, ಗುಣವಾಗುವ ಆಸೆಯಿಲ್ಲದ ಸ್ಥಿತಿ ಬಂದರೆ ನನ್ನನ್ನು ಯಂತ್ರಗಳಿಗೆ ಕಟ್ಟಿ ಇಡಬೇಡಿ ಎಂದು ಮೊದಲೇ ಬರೆದಿಡುವುದು. ಸುಪ್ರೀಂ ಕೋರ್ಟು 2018ರಲ್ಲಿ ಅದನ್ನು ಒಪ್ಪಿತು, 2023ರಲ್ಲಿ ವಿಧಾನ ಸರಳ ಮಾಡಿತು: ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಆದೇಶ ಹೊರಡಿಸಿತು. ನಿನ್ನ ಪರವಾಗಿ ವೈದ್ಯರ ಜೊತೆ ಮಾತಾಡುವವರು ಯಾರು ಎಂದು ಅದರಲ್ಲಿ ಹೆಸರಿಸಬೇಕು. ಗಂಡ ಮಕ್ಕಳಿದ್ದವರ ಮನೆಯಲ್ಲಿ ಈ ಪ್ರಶ್ನೆ ಏಳುವ ಮೊದಲೇ ಯಾರೋ ಮುಂದೆ ಬಂದಿರುತ್ತಾರೆ. ನಾವು ಮೊದಲೇ ಆರಿಸಿ, ಕೂರಿಸಿ, ಒಪ್ಪಿಗೆ ಕೇಳಿ, ಕಾಫಿ ಕೊಟ್ಟು ಕಳಿಸಬೇಕು.

ನನಗೆ ಇದರ ಬಿಸಿ ತಟ್ಟಿದ್ದು ಕಣ್ಣಿನ ಪೊರೆ ತೆಗೆಸುವಾಗ. ನನ್ನ ಜೊತೆ ಬಂದದ್ದು ಮೂಲೆಮನೆಯ ದರ್ಜಿ, ನನ್ನ ಹಳೆಯ ಗೆಳತಿ. ಆಸ್ಪತ್ರೆಯ ಫಾರಮ್ಮಿನಲ್ಲಿ ಸಂಬಂಧ ಎಂಬ ಜಾಗದಲ್ಲಿ ಸ್ನೇಹಿತೆ ಎಂದು ಬರೆದೆವು. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಹೊರಳಿಸಿ ನೋಡಿ, ‘ಸಂಬಂಧಿಕರು ಯಾರೂ ಇಲ್ವಾ ಆಂಟಿ?’ ಎಂದಳು. ಬೆಂಗಳೂರಿನಲ್ಲೇ ಹನ್ನೊಂದು ಜನ ಇದ್ದಾರೆ, ಆ ದಿನ ಎಲ್ಲರಿಗೂ ಕೆಲಸವಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಗೆಳತಿ ಪೆನ್ನು ಕಸಿದುಕೊಂಡು ಸ್ನೇಹಿತೆ ಎಂಬುದನ್ನು ಹೊಡೆದು ‘ತಂಗಿ’ ಎಂದು ಬರೆದಳು. ಅವಳು ನನಗಿಂತ ಎರಡು ವರ್ಷ ದೊಡ್ಡವಳು.

ನಾವು ಮೂವರು ಹೆಂಗಸರು ಬೆಳಿಗ್ಗೆ ಎಂಟರೊಳಗೆ ವಾಟ್ಸಾಪಿನಲ್ಲಿ ಒಂದು ಹೂವಿನ ಚಿತ್ರ ಹಾಕಬೇಕು ಎಂದು ಕಟ್ಟು ಮಾಡಿಕೊಂಡಿದ್ದೇವೆ. ನಿನಗೆ ಆ ಹೂವು ಕಂಡರೆ ಅಲರ್ಜಿ, ಗೊತ್ತು. ಅದು ಶುಭೋದಯವಲ್ಲ ಕಣೇ, ಹಾಜರಿ. ಚಿತ್ರ ಬರದಿದ್ದರೆ ಫೋನು, ಫೋನು ಎತ್ತದಿದ್ದರೆ ಇನ್ನೊಂದು ಕೀ ಹಿಡಿದು ಮನೆಗೇ ಬರುವುದು. ಹೋದ ವರ್ಷ ಫೋನನ್ನು ಚಾರ್ಜಿಗೆ ಹಾಕಿ ಸದ್ದು ತೆಗೆದು, ನಾನು ಮಹಡಿಯ ಮೇಲೆ ಸಂಡಿಗೆ ಇಡುತ್ತಿದ್ದೆ. ಇಬ್ಬರೂ ಆಟೋದಲ್ಲಿ ಬಂದಿಳಿದರು, ಒಬ್ಬಳು ನೈಟಿಯಲ್ಲೇ. ಬಾಗಿಲು ತೆಗೆದು ಮೂರು ಕೋಣೆಯನ್ನೂ ಹುಡುಕಿ, ಮೇಲೆ ಬಂದು ನನ್ನನ್ನು ಜೀವಂತ ಕಂಡು ಬಾಯಿಗೆ ಬಂದಂತೆ ಬೈದರು. ಆಮೇಲೆ ಸಂಡಿಗೆ ಇಡಲು ಕೂತರು.

ಇಷ್ಟು ಹೇಳಿದ ಮೇಲೆ ನನ್ನ ಹುಳುಕನ್ನೂ ಹೇಳಬೇಕಲ್ಲ. ಒಬ್ಬಳೇ ಬಾಳಿದವಳಿಗೆ ನಿಧಾನವಾಗಿ ಒಂದು ರೋಗ ಹತ್ತುತ್ತದೆ. ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಜಾಗ, ಆ ಜಾಗಕ್ಕೊಂದು ಮಡಿ. ಹಿಂದಿನ ಬೇಸಿಗೆಯಲ್ಲಿ ತಮ್ಮನ ಮೊಮ್ಮಗ ನಾಲ್ಕು ದಿನ ಇದ್ದು ಹೋದ. ಒಳ್ಳೆಯ ಹುಡುಗ, ನನಗೋಸ್ಕರ ತಾನೇ ಕಾಫಿ ಹಾಕುತ್ತೇನೆಂದು ಫಿಲ್ಟರನ್ನು ಒಲೆಯ ಎಡಗಡೆಯಿಂದ ಎತ್ತಿ ಬಲಗಡೆ ಇಟ್ಟ. ಅಷ್ಟೇ. ಸಂಜೆಯವರೆಗೂ ನಾನು ಕುದಿಯುತ್ತಿದ್ದೆ. ರಾತ್ರಿ ಅವನು ಮಲಗಿದ ಮೇಲೆ ಎದ್ದು ಹೋಗಿ ಅದನ್ನು ಮತ್ತೆ ಎಡಕ್ಕೆ ಇಟ್ಟು, ಕತ್ತಲೆಯಲ್ಲಿ ನಿಂತು, ಇದೇನು ಬುದ್ಧಿ ನನಗೆ ಎಂದುಕೊಂಡೆ. ಮಕ್ಕಳು ಬೇಡ ಎನ್ನುವುದು ಬೇರೆ, ನನ್ನ ಲೋಟ ಯಾರೂ ಮುಟ್ಟಬಾರದು ಎನ್ನುವುದು ಬೇರೆ. ಎರಡನೆಯದು ಮೊದಲನೆಯದರ ವೇಷ ಹಾಕಿಕೊಂಡು ಬರುತ್ತದೆ, ಹುಷಾರು. ವರ್ಷಕ್ಕೆ ಒಂದೆರಡು ಸಲ ಯಾರನ್ನಾದರೂ ಕರೆದು ಮನೆ ಕೆಡಿಸಿಕೋ.

ಶನಿವಾರ ಬಾ. ಎರಡು ಲೀಟರಿನ ಕುಕ್ಕರ್ ನನ್ನಲ್ಲೇ ಒಂದು ಹೆಚ್ಚಿಗೆ ಇದೆ, ತಗೊಂಡು ಹೋಗು. ನನ್ನ ಮನೆಯ ಮೂರನೇ ಕೀಯನ್ನೂ ಮಾಡಿಸಿಟ್ಟಿದ್ದೇನೆ, ನಿನಗೆ. ಬಂದವಳು ಕಾಫಿ ನೀನೇ ಹಾಕು. ಫಿಲ್ಟರು ಒಲೆಯ ಎಡಗಡೆ ಇರುತ್ತದೆ. ಆದ ಮೇಲೆ ಎಲ್ಲಿ ಬೇಕಾದರೂ ಇಡು... ಬೇಡ, ಎಡಗಡೆಯೇ ಇಡು.